ವೈದ್ಯರ ವರದಿಯೂ ರೋಗಿಯ ಗುಟ್ಟೂ

ಕಾಲೇಜಿಗೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾನು ಪ್ರತಿವರ್ಷವೂ ಒಂದು ಚಿಕ್ಕ ಪ್ರಯೋಗವನ್ನು ಮಾಡಿ ತೋರಿಸುವುದುಂಟು. ದೊಡ್ಡದೊಂದು ಬೀಕರಿನ ತುಂಬ ಬಿಸಿನೀರು. ಅದೇ ನೀರಿನಿಂದ ಒಂದೆರಡು ಚಮಚದಷ್ಟನ್ನು ತೆಗೆದು ಸಣ್ಣ ಪ್ರನಾಳವೊಂದಕ್ಕೆ ಹಾಕುತ್ತೇನೆ. ಒಡನೆಯೇ ಎರಡರಲ್ಲಿಯೂ ಒಂದೊಂದು ದಪ್ಪ ಉಷ್ಣಮಾಪಕವನ್ನು ಅದ್ದಿದರೆ, ಪ್ರನಾಳದ ನೀರು ಕಡಮೆ ಉಷ್ಣತೆಯನ್ನು ತೋರಿಸುತ್ತದೆ. ತಣ್ಣಗಿದ್ದ ಉಷ್ಣಮಾಪಕವು ತಾನು ಬಿಸಿಯಾಗುವುದಕ್ಕಾಗಿ ಆ ಸ್ವಲ್ಪ ನೀರಿನಿಂದಲೇ ಶಾಖವನ್ನು ಹೀರಿಕೊಂಡಿತು; ಅಳೆಯಲು ಹೋದ ಸಾಧನವೇ ಅಳೆಯಬೇಕಾದ ವಸ್ತುವನ್ನು ಬದಲಾಯಿಸಿತು. ಭೌತವಿಜ್ಞಾನದಲ್ಲಿ ಇದು ಹಳೆಯ ಪಾಠ. ಇದೇ ಪಾಠವು ವೈದ್ಯರ ಕೋಣೆಯಲ್ಲಿಯೂ ಸಲ್ಲುತ್ತದೆಂಬುದನ್ನು ನಾನು ತಿಳಿದದ್ದು ವೈದ್ಯಮಿತ್ರರೊಬ್ಬರಿಂದ.

ಕೆಲವು ವರ್ಷಗಳ ಹಿಂದೆ ಅವರು ಬೇರೊಂದು ಊರಿನ ಆಸ್ಪತ್ರೆಯಲ್ಲಿದ್ದಾಗ, ಗುಪ್ತಾಂಗದ ಮೇಲೆ ಎದ್ದಿದ್ದ ನೋವಿಲ್ಲದ ಹುಣ್ಣೊಂದನ್ನು ತೋರಿಸಲು ಒಬ್ಬ ಯುವಕ ಬಂದನು. ವೈದ್ಯರನ್ನು ಕಾಣುವುದಕ್ಕೆ ಮೊದಲು ಚೀಟಿ ಬರೆಸಬೇಕಷ್ಟೆ. ಕಿಟಕಿಯ ಹಿಂದೆ ಕುಳಿತಿದ್ದ ಗುಮಾಸ್ತರು "ಹೆಸರೇನು? ಯಾವ ಬೀದಿ? ಏನು ತೊಂದರೆ?" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಪ್ರಶ್ನಿಸಿದರು. ಯುವಕನು ಜ್ವರವೆಂದು ಬರೆಸಿದನು. ಒಳಗೆ ಬಂದು ನಿಜವನ್ನು ಹೇಳಿದ ಮೇಲೆ, "ಸ್ವಾಮಿ, ಇದನ್ನು ಎಲ್ಲಿಯಾದರೂ ಬರೆಯುತ್ತೀರಾ?" ಎಂದು ಕೇಳಿದನು. "ಲೆಕ್ಕಕ್ಕೆ ಬರೆಯಬೇಕಾಗುತ್ತದಪ್ಪ" ಎಂದರು ವೈದ್ಯರು. ರಕ್ತಪರೀಕ್ಷೆಗೆಂದು ಹೊರಗೆ ಹೋದವನು ಹಿಂದಿರುಗಲಿಲ್ಲ. ಐದಾರು ತಿಂಗಳ ತರುವಾಯ ಒಬ್ಬ ಬಸುರಿ ಹೆಂಗಸು ಅದೇ ಆಸ್ಪತ್ರೆಗೆ ಬಂದಳು. ಆಕೆಯ ರಕ್ತದಲ್ಲಿ ಸಿಫಿಲಿಸ್ ಇರುವುದು ಕಂಡುಬಂತು. ಜೊತೆಯಲ್ಲಿ ಬಂದಿದ್ದ ಗಂಡ ಅದೇ ಯುವಕ. ಸಕಾಲದಲ್ಲಿ ಚಿಕಿತ್ಸೆ ದೊರೆತುದರಿಂದ ಮಗು ಆರೋಗ್ಯವಾಗಿಯೇ ಹುಟ್ಟಿತು. ಆದರೆ ಆ ಒಂದು ಮಾತಿನಿಂದ ಅವನು ಓಡಿಹೋದದ್ದನ್ನು ನನ್ನ ಮಿತ್ರರು ಇಂದಿಗೂ ಮರೆತಿಲ್ಲ.

ವೈದ್ಯರು ಬರೆಯದೆ ಇರಬಹುದಾಗಿತ್ತೆ? ಬರೆದ ಆ ಸಂಗತಿ ಎಲ್ಲಿಗೆ ಹೋಗುತ್ತದೆ, ಅದರಿಂದ ಯಾರಿಗೆ ಏನು ಪ್ರಯೋಜನ, ಎಲ್ಲಿಯವರೆಗೆ ಹೆಸರು ಅವಶ್ಯಕ, ಎಲ್ಲಿಂದ ಮುಂದೆ ಅನವಶ್ಯಕ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಚೀಟಿಯ ಪ್ರಯಾಣ

ಸ್ತ್ರೀಪುರುಷ ಸಂಪರ್ಕದಿಂದಲೂ ಇತರ ಲೈಂಗಿಕ ಸಂಪರ್ಕಗಳಿಂದಲೂ ಹರಡುವ ಸೋಂಕುಗಳನ್ನು ಹಿಂದೆ ಗುಹ್ಯರೋಗಗಳೆಂದು ಕರೆಯುತ್ತಿದ್ದರು. ನಮ್ಮ ಹಿರಿಯರು ಪರಂಗಿ ಹುಣ್ಣೆಂದು ಕರೆಯುತ್ತಿದ್ದ ಸಿಫಿಲಿಸ್, ಗನೋರಿಯ, ಕ್ಲಮೀಡಿಯ, ಎಚ್.ಐ.ವಿ. ಇವು ಅವುಗಳಲ್ಲಿ ಮುಖ್ಯವಾದವು. ಇಂಥ ರೋಗಗಳನ್ನು ವೈದ್ಯರು ಆರೋಗ್ಯಾಧಿಕಾರಿಗಳಿಗೆ ತಿಳಿಸುವ ಏರ್ಪಾಡು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹು ವಿಸ್ತಾರವಾಗಿ ಬೆಳೆದಿದೆ. ಅದನ್ನೇ ಮೊದಲು ನೋಡೋಣ.

ಅಲ್ಲಿ ವರದಿಯನ್ನು ಕಡ್ಡಾಯಮಾಡುವುದು ಆಯಾ ರಾಜ್ಯದ ಕಾನೂನು. ಉದಾಹರಣೆಗೆ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸಿಫಿಲಿಸನ್ನು ಕಂಡ ವೈದ್ಯರು ಕೆಲಸದ ಒಂದು ದಿನದೊಳಗಾಗಿಯೂ ಗನೋರಿಯವನ್ನು ಕಂಡವರು ಏಳು ದಿನಗಳೊಳಗಾಗಿಯೂ ಸ್ಥಳೀಯ ಆರೋಗ್ಯಾಧಿಕಾರಿಗೆ ತಿಳಿಸಬೇಕು. ವರದಿಯಲ್ಲಿ ರೋಗಿಯ ಹೆಸರು, ವಯಸ್ಸು, ವಿಳಾಸ, ರೋಗದ ಹಂತ, ಕೊಟ್ಟ ಔಷಧ, ಸ್ತ್ರೀಯಾದರೆ ಗರ್ಭಿಣಿಯೇ ಅಲ್ಲವೇ ಎಂಬ ವಿವರಗಳಿರುತ್ತವೆ. ಸ್ಥಳೀಯ ಕಚೇರಿಯಿಂದ ಅದು ರಾಜ್ಯದ ಆರೋಗ್ಯ ಇಲಾಖೆಗೆ ಹೋಗುತ್ತದೆ. ಅಲ್ಲಿಂದ ಅಟ್ಲಾಂಟ ನಗರದಲ್ಲಿರುವ ರಾಷ್ಟ್ರೀಯ ರೋಗನಿಯಂತ್ರಣ ಕೇಂದ್ರಕ್ಕೆ ಹೋಗುವಾಗ ಹೆಸರನ್ನು ತೆಗೆದುಹಾಕುತ್ತಾರೆ. ರಾಷ್ಟ್ರದ ಲೆಕ್ಕವನ್ನು ಬರೆಯುವವನಿಗೆ ಹೆಸರಿನಿಂದ ಆಗಬೇಕಾದುದೇನೂ ಇಲ್ಲ. ಯಾವ ಪ್ರದೇಶದಲ್ಲಿ, ಯಾವ ವಯಸ್ಸಿನವರಲ್ಲಿ ರೋಗ ಏರುತ್ತಿದೆ ಎಂಬುದಷ್ಟೇ ಅವನಿಗೆ ಬೇಕು.

ವೈದ್ಯರಲ್ಲದೆ ರಕ್ತಪರೀಕ್ಷೆ ನಡೆಸಿದ ಪ್ರಯೋಗಶಾಲೆಯೂ ತನ್ನ ಫಲಿತಾಂಶವನ್ನು ಪ್ರತ್ಯೇಕವಾಗಿ ಕಳುಹಿಸುತ್ತದೆ. ಎರಡು ವರದಿಗಳು ಏತಕ್ಕೆ? ಒಬ್ಬ ವೈದ್ಯರು ಕೆಲಸದ ಒತ್ತಡದಲ್ಲಿ ಮರೆಯಬಹುದು. ಪ್ರಯೋಗಶಾಲೆಯ ಯಂತ್ರ ಮರೆಯುವುದಿಲ್ಲ. ಆದರೆ ಪ್ರಯೋಗಶಾಲೆ ಕಂಡದ್ದು ರಕ್ತವನ್ನು ಮಾತ್ರ. ಹುಣ್ಣು ಎದ್ದು ಎಷ್ಟು ದಿನವಾಯಿತು, ಔಷಧ ಕೊಟ್ಟದ್ದಾಯಿತೇ ಎಂಬುದನ್ನು ವೈದ್ಯರೇ ಹೇಳಬೇಕು. ಒಂದು ವರದಿಯ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಹಳೆಯ ಲೆಕ್ಕದ ಉಪಯೋಗ

ಸ್ಥಳೀಯ ಅಧಿಕಾರಿಗೆ ಮಾತ್ರ ಹೆಸರು ಏಕೆ ಬೇಕಾಗುತ್ತದೆಂಬುದಕ್ಕೆ ಸಿಫಿಲಿಸೇ ಒಳ್ಳೆಯ ನಿದರ್ಶನ. ಈ ರೋಗವನ್ನು ಗುರುತಿಸುವ ರಕ್ತಪರೀಕ್ಷೆಗಳಲ್ಲಿ ಒಂದು ಬಗೆಯದು, ರೋಗ ಸಂಪೂರ್ಣವಾಗಿ ಗುಣವಾದ ಮೇಲೂ ಸಾಮಾನ್ಯವಾಗಿ ಜೀವಮಾನವೆಲ್ಲ 'ಉಂಟು' ಎಂದೇ ತೋರಿಸುತ್ತದೆ. ಆದುದರಿಂದ ಇನ್ನೊಂದು ಬಗೆಯ ಪರೀಕ್ಷೆಯಲ್ಲಿ ರಕ್ತದ್ರವವನ್ನು ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು ಹೀಗೆ ತೆಳುಮಾಡುತ್ತ ಹೋಗಿ, ಎಷ್ಟು ತೆಳುವಾಗುವವರೆಗೆ ಪ್ರತಿಕ್ರಿಯೆ ಉಳಿದಿರುತ್ತದೆಂದು ನೋಡುತ್ತಾರೆ. ಒಬ್ಬನ ರಕ್ತವು ನಾಲ್ಕರಷ್ಟು ತೆಳುವಾಗುವವರೆಗೆ ಪ್ರತಿಕ್ರಿಯೆ ತೋರಿಸಿತೆನ್ನೋಣ. ಅದು ಎಂದೋ ಗುಣವಾದ ರೋಗದ ಗುರುತೇ, ಇಂದಿನ ರೋಗವೇ? ಈ ಒಂದು ಸಂಖ್ಯೆಯಿಂದ ಹೇಳಲಾಗದು. ಹಿಂದಿನ ವರ್ಷವೂ ಅದೇ ಸಂಖ್ಯೆಯಿದ್ದರೆ ಬಹುಶಃ ಹಳೆಯ ಗುರುತು. ಹಿಂದೆ ನಾಲ್ಕಿದ್ದದ್ದು ಈಗ ಮೂವತ್ತೆರಡಾಗಿದ್ದರೆ ಹೊಸ ಸೋಂಕೆಂದು ಶಂಕಿಸಬೇಕು. ನಾಲ್ಕರಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಏರಿಕೆಯನ್ನು ವೈದ್ಯರು ಗಣ್ಯವೆಂದು ಎಣಿಸುತ್ತಾರೆ. ಹಿಂದಿನ ಸಂಖ್ಯೆ ಇನ್ನೊಂದು ಊರಿನ ಇನ್ನೊಬ್ಬ ವೈದ್ಯರ ಬಳಿ ಇದ್ದರೆ, ಎರಡನ್ನೂ ಒಂದೆಡೆ ಇಟ್ಟು ನೋಡಬಲ್ಲವನು ಹೆಸರುಳ್ಳ ಲೆಕ್ಕವನ್ನು ಕಾಪಾಡಿದ ಆರೋಗ್ಯಾಧಿಕಾರಿಯೊಬ್ಬನೇ.

ಎರಡನೆಯ ಉಪಯೋಗ, ರೋಗಿಯ ಸಂಪರ್ಕದಲ್ಲಿದ್ದವರನ್ನು ಎಚ್ಚರಿಸುವುದು. ಸೋಂಕು ತಗುಲಿದ ಮೇಲೆ ಸಿಫಿಲಿಸಿನ ಹುಣ್ಣು ಕಾಣಿಸಿಕೊಳ್ಳಲು 10ರಿಂದ 90 ದಿನಗಳು ಬೇಕಾಗಬಹುದು. ಸರಾಸರಿ ಮೂರು ವಾರ. ಆದುದರಿಂದ ಮೊದಲ ಹಂತದ ರೋಗಿಯನ್ನು, ಹುಣ್ಣು ಕಾಣಿಸಿಕೊಳ್ಳುವುದಕ್ಕೆ ಹಿಂದಿನ ಮೂರು ತಿಂಗಳಲ್ಲಿಯೂ ಅನಂತರದ ದಿನಗಳಲ್ಲಿಯೂ ಯಾರೊಡನೆ ಸಂಪರ್ಕವಿತ್ತೆಂದು ತರಬೇತಾದ ಕಾರ್ಯಕರ್ತರು ಗೋಪ್ಯವಾಗಿ ವಿಚಾರಿಸುತ್ತಾರೆ. ಆ ವ್ಯಕ್ತಿಗಳನ್ನು ಕಂಡು, "ನಿಮಗೆ ಸೋಂಕು ತಗುಲಿರುವ ಸಂಭವವಿದೆ, ಪರೀಕ್ಷೆ ಮಾಡಿಸಿಕೊಳ್ಳಿ" ಎಂದಷ್ಟೇ ತಿಳಿಸುತ್ತಾರೆ; ಮೊದಲ ರೋಗಿಯ ಹೆಸರನ್ನು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಇನ್ನೂ ಏನೂ ಕಾಣದಿದ್ದರೂ, ಸಂಪರ್ಕ ನಡೆದು 90 ದಿನಗಳಾಗಿಲ್ಲದಿದ್ದರೆ, 24 ಲಕ್ಷ ಮಾನದ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ಒಂದು ಸಲ ಕೊಟ್ಟು ರೋಗವನ್ನು ಮೊಳಕೆಯಲ್ಲಿಯೇ ಚಿವುಟುತ್ತಾರೆ. ನನ್ನ ಮಿತ್ರರ ಬಳಿಗೆ ಬಂದ ಯುವಕ ಅಂದೇ ನಿಂತಿದ್ದರೆ ಅವನ ಹೆಂಡತಿಗೆ ಆಗಬಹುದಾಗಿದ್ದ ಸಹಾಯ ಇದೇ.

ಗರ್ಭಿಣಿಯ ಸಿಫಿಲಿಸಿಗೆ ಚಿಕಿತ್ಸೆಯಾಗದಿದ್ದರೆ ಮಗು ಸತ್ತು ಹುಟ್ಟಬಹುದು, ಇಲ್ಲವೆ ರೋಗವನ್ನು ಹೊತ್ತೇ ಹುಟ್ಟಬಹುದು. ಅಮೆರಿಕದಲ್ಲಿ 2022ರಲ್ಲಿ ಹುಟ್ಟಿನಿಂದಲೇ ಬಂದ ಸಿಫಿಲಿಸ್ ಪ್ರಕರಣಗಳು 3,700ಕ್ಕೂ ಹೆಚ್ಚಾಗಿದ್ದವು. 2012ರ ಸಂಖ್ಯೆಗೆ ಹೋಲಿಸಿದರೆ ಇದು ಹತ್ತರಷ್ಟನ್ನೂ ಮೀರಿತು. ಪೆನಿಸಿಲಿನ್ ದೊರೆತು ಎಂಬತ್ತು ವರ್ಷಗಳಾದ ಮೇಲೆ ಶ್ರೀಮಂತ ದೇಶವೊಂದರಲ್ಲಿ ಹೀಗಾಗುತ್ತಿದೆಯೆಂಬುದು ವೈದ್ಯರ ವರದಿಗಳಿಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಫಾರಮಿನಲ್ಲಿ ಇಲ್ಲದ ರೋಗ

ವರದಿಯ ಇನ್ನೊಂದು ಪ್ರಯೋಜನ 1981ರಲ್ಲಿ ಜಗತ್ತಿಗೇ ತಿಳಿಯಿತು. ಲಾಸ್ ಏಂಜಲೀಸ್ ನಗರದ ವೈದ್ಯ ಮೈಕೇಲ್ ಗಾಟ್ಲೀಬ್ ಅವರೂ ಅವರ ಸಹೋದ್ಯೋಗಿಗಳೂ, ಅದುವರೆಗೆ ಆರೋಗ್ಯವಾಗಿದ್ದ ತರುಣರಲ್ಲಿ ನ್ಯೂಮೋಸಿಸ್ಟಿಸ್ ಎಂಬ ಅಪರೂಪದ ಶ್ವಾಸಕೋಶದ ರೋಗವನ್ನು ಕಂಡರು. ದೇಹದ ರಕ್ಷಣಶಕ್ತಿ ಕುಗ್ಗಿದವರಿಗಲ್ಲದೆ ಬೇರೆಯವರಿಗೆ ಬರುವಂಥದಲ್ಲ ಅದು. ಗಾಟ್ಲೀಬರು ಸ್ಥಳೀಯ ಆರೋಗ್ಯ ಇಲಾಖೆಯಲ್ಲಿದ್ದ ವೇನ್ ಶಾಂಡೇರ ಎಂಬ ವೈದ್ಯಾಧಿಕಾರಿಗೆ ವಿಷಯವನ್ನು ತಿಳಿಸಿದರು. ಅದೇ ಕಾಲಕ್ಕೆ ಅಟ್ಲಾಂಟದ ಕೇಂದ್ರದಲ್ಲಿ ಸ್ಯಾಂಡ್ರಾ ಫೋರ್ಡ್ ಎಂಬಾಕೆ, ಆ ರೋಗಕ್ಕೆ ಬಳಸುವ ಪೆಂಟಮಿಡೀನ್ ಔಷಧವನ್ನು ಬೇಡಿ ಬರುತ್ತಿದ್ದ ಕೋರಿಕೆಗಳು ವಿಚಿತ್ರವಾಗಿ ಹೆಚ್ಚಿರುವುದನ್ನು ಗಮನಿಸಿ ಮೇಲಧಿಕಾರಿಗಳಿಗೆ ತಿಳಿಸಿದರು. 1981ನೆಯ ಜೂನ್ 5ರಂದು ಆ ಕೇಂದ್ರದ ವಾರಪತ್ರಿಕೆಯಲ್ಲಿ ಐವರು ರೋಗಿಗಳನ್ನು ಕುರಿತ ಒಂದು ಚಿಕ್ಕ ವರದಿ ಪ್ರಕಟವಾಯಿತು. ಅವರಲ್ಲಿ ಇಬ್ಬರು ಆ ವೇಳೆಗಾಗಲೇ ತೀರಿಕೊಂಡಿದ್ದರು. ಏಡ್ಸ್ ರೋಗವನ್ನು ಕುರಿತು ವೈದ್ಯಲೋಕ ಓದಿದ ಮೊದಲ ವರದಿ ಅದೇ. ಅದರ ವೈರಸನ್ನು ಪ್ಯಾರಿಸಿನ ಪಾಸ್ಟರ್ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದು 1983ರಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ರೋಗಕ್ಕೆ ಆಗ ಹೆಸರೂ ಇರಲಿಲ್ಲ. ಯಾವ ಫಾರಮಿನಲ್ಲಿಯೂ ಅದಕ್ಕೊಂದು ಕಲಮು ಇರಲಿಲ್ಲ. ಆದರೂ ಸುದ್ದಿ ಮುಟ್ಟಿತು. ಚಿಕಿತ್ಸೆಮಾಡುವ ವೈದ್ಯರಿಗೂ ಆರೋಗ್ಯಾಧಿಕಾರಿಗೂ ಮೊದಲೇ ಪರಿಚಯವೂ ಮಾತುಕತೆಯೂ ಇದ್ದುದರಿಂದ ಇದು ಸಾಧ್ಯವಾಯಿತು.

ಎಣಿಕೆಗೆ ಸಿಕ್ಕದವರು

ಇಷ್ಟಾದರೂ ವರದಿಯ ಸಂಖ್ಯೆಯೇ ರೋಗದ ಸಂಖ್ಯೆಯೆಂದು ತಿಳಿಯಬಾರದು. ವಿಕಿರಣವನ್ನು ಎಣಿಸುವ ಗೈಗರ್ ಯಂತ್ರವು ತನ್ನೊಳಕ್ಕೆ ಹೊಕ್ಕ ಕಣಗಳನ್ನು ಮಾತ್ರ ಎಣಿಸುತ್ತದೆ. ಪಕ್ಕದಲ್ಲಿ ಹಾರಿಹೋದ ಕಣಗಳು ಅದಕ್ಕೆ ತಿಳಿಯವು. ಕ್ಲಮೀಡಿಯ ಸೋಂಕು ತಗುಲಿದ ಸ್ತ್ರೀಯರಲ್ಲಿ ಬಹುಮಂದಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ತೊಂದರೆಯಿಲ್ಲದವರು ವೈದ್ಯರ ಬಳಿಗೆ ಏಕೆ ಹೋಗುತ್ತಾರೆ? ಬೇರೆ ಕಾರಣಕ್ಕೆ ಹೋದಾಗ ಪರೀಕ್ಷೆಯಾದರೆ ಮಾತ್ರ ಅವರು ಲೆಕ್ಕಕ್ಕೆ ಬರುತ್ತಾರೆ. 2020ರಲ್ಲಿ ಅಮೆರಿಕದಲ್ಲಿ ವರದಿಯಾದ ಕ್ಲಮೀಡಿಯ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 13ರಷ್ಟು ಇಳಿದವು. ರೋಗ ಇಳಿಯಿತೆಂದು ಯಾರೂ ಸಂತೋಷಪಡಲಿಲ್ಲ. ಕೋವಿಡ್ ಹಾವಳಿಯಿಂದ ಜನ ಚಿಕಿತ್ಸಾಲಯಗಳಿಗೆ ಹೋಗುವುದು ತಪ್ಪಿತು, ಪರೀಕ್ಷೆಗಳು ಕಡಮೆಯಾದುವು, ಆದುದರಿಂದ ಸಂಖ್ಯೆಯೂ ಇಳಿಯಿತು ಎಂದು ತಜ್ಞರು ಅದನ್ನು ಅರ್ಥಮಾಡಿಕೊಂಡರು. ಆಗ ಜನರನ್ನು ದೂರ ನಿಲ್ಲಿಸಿದ್ದು ಸಾಂಕ್ರಾಮಿಕದ ಭಯ. ಹೆಸರಿನ ಭಯವೂ ಇದೇ ಕೆಲಸವನ್ನು ಮಾಡುತ್ತದೆ. ಅದು ಮಾತ್ರ ಒಂದು ವರ್ಷಕ್ಕೆ ಮುಗಿಯುವುದಿಲ್ಲ.

ಹೆಸರಿನ ಭಯ

ಆ ಭಯಕ್ಕೆ ಚರಿತ್ರೆಯಲ್ಲಿ ಕಾರಣಗಳಿಲ್ಲದೆ ಇಲ್ಲ. ಬ್ರಿಟನ್ನಿನಲ್ಲಿ 1864ರಿಂದ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಗಳು, ಸೈನಿಕರನ್ನು ರೋಗದಿಂದ ಕಾಪಾಡುವ ನೆಪದಲ್ಲಿ, ವೇಶ್ಯೆಯರೆಂದು ಪೊಲೀಸರು ಶಂಕಿಸಿದ ಸ್ತ್ರೀಯರನ್ನು ಬಲವಂತದ ಪರೀಕ್ಷೆಗೆ ಗುರಿಮಾಡಿದುವು. ರೋಗ ಕಂಡರೆ ಅವರನ್ನು ಲಾಕ್ ಆಸ್ಪತ್ರೆಗಳೆಂಬಲ್ಲಿ ಕೂಡಿಡುತ್ತಿದ್ದರು. ಪುರುಷರಿಗೆ ಇಂಥ ಪರೀಕ್ಷೆಯಿರಲಿಲ್ಲ. 1868ರಲ್ಲಿ ಭಾರತಕ್ಕೂ ಅಂಥದೇ ಕಾಯಿದೆ ಬಂತು. ದಂಡುಪ್ರದೇಶಗಳಲ್ಲಿ ಸ್ತ್ರೀಯರ ಹೆಸರುಗಳನ್ನು ದಾಖಲುಮಾಡಿ ಅವಧಿಗೊಮ್ಮೆ ಪರೀಕ್ಷಿಸುತ್ತಿದ್ದರು. ಹೆಸರು ಬರೆಸದೆ ತಪ್ಪಿಸಿಕೊಂಡು ಹೋಗುವವರ ವಿಷಯ ಆ ಕಾಲದ ಅಧಿಕಾರಿಗಳ ವರದಿಗಳಲ್ಲಿಯೇ ಮತ್ತೆ ಮತ್ತೆ ಬರುತ್ತದೆ. ಜೋಸೆಫೀನ್ ಬಟ್ಲರ್ ಮೊದಲಾದವರ ಹೋರಾಟದ ಫಲವಾಗಿ ಬ್ರಿಟನ್ನಿನ ಕಾಯಿದೆಗಳು 1886ರಲ್ಲಿಯೂ ಭಾರತದ ಕಾಯಿದೆ 1888ರಲ್ಲಿಯೂ ರದ್ದಾದುವು.

ಅಮೆರಿಕದ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ ನಡೆದದ್ದು ಇನ್ನೂ ಘೋರವಾದುದು. 1932ರಲ್ಲಿ ಸರ್ಕಾರದ ಆರೋಗ್ಯ ಸೇವೆಯವರೇ ಸುಮಾರು 600 ಮಂದಿ ಕಪ್ಪುಜನರನ್ನು ಆರಿಸಿಕೊಂಡು, ಅವರಲ್ಲಿ ಸಿಫಿಲಿಸ್ ಇದ್ದ 399 ಮಂದಿಗೆ ನಿಜವನ್ನು ತಿಳಿಸದೆ, ಚಿಕಿತ್ಸೆಯಾಗದ ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತರು. ಪೆನಿಸಿಲಿನ್ ದೊರೆತ ಮೇಲೂ ಕೊಡಲಿಲ್ಲ. ಪತ್ರಿಕೆಗಳಲ್ಲಿ ವಿಷಯ ಬಯಲಾಗಿ 1972ರಲ್ಲಿ ಅದು ನಿಂತಿತು. 1997ರಲ್ಲಿ ರಾಷ್ಟ್ರಾಧ್ಯಕ್ಷರು ಕ್ಷಮೆ ಬೇಡಿದರು. ರೋಗಿಗಳ ಹೆಸರುಗಳನ್ನು ಕಾಯಬೇಕಾದವರೇ ಹೀಗೆ ನಡೆದುಕೊಂಡ ಮೇಲೆ, ಆ ಜನ ಸರ್ಕಾರದ ವೈದ್ಯರನ್ನು ಶಂಕೆಯಿಂದ ಕಂಡದ್ದರಲ್ಲಿ ಆಶ್ಚರ್ಯವೇನು?

ನಮ್ಮ ನೆರೆಯ ಗೋವೆಯ ನಿದರ್ಶನವೂ ಇದೆ. ಡೊಮಿನಿಕ್ ಡಿಸೋಜ ಎಂಬ ತರುಣ ಆಗಾಗ್ಗೆ ರಕ್ತದಾನ ಮಾಡುತ್ತಿದ್ದನು. ಅವನ ರಕ್ತದಲ್ಲಿ ಎಚ್.ಐ.ವಿ. ಕಂಡುಬಂದಾಗ, 1989ರ ಫೆಬ್ರವರಿಯಲ್ಲಿ, ಅವನಿಗೆ ಕರೆ ಬಂದದ್ದು ಪೊಲೀಸರಿಂದ. ಅಂದಿನ ಗೋವೆಯ ಆರೋಗ್ಯ ಕಾಯಿದೆಯಂತೆ ಅವನನ್ನು 64 ದಿನಗಳ ಕಾಲ ಒಂಟಿಯಾಗಿ ಕೂಡಿಟ್ಟರು. ಪರರಿಗೆ ಉಪಕಾರವಾಗಲೆಂದು ಕೊಟ್ಟ ರಕ್ತ ಅವನಿಗೆ ಸೆರೆಯನ್ನು ತಂದಿತು. ಈ ಸುದ್ದಿಯನ್ನು ಓದಿದವರಲ್ಲಿ ಎಷ್ಟು ಮಂದಿ ತಾವಾಗಿ ಪರೀಕ್ಷೆಗೆ ಹೋಗಲು ಧೈರ್ಯಮಾಡಿಯಾರು? ತಣ್ಣನೆಯ ಉಷ್ಣಮಾಪಕ ನೀರಿನ ಶಾಖವನ್ನು ಹೀರಿದ ಹಾಗೆಯೇ ಇದು.

ಹೆಸರಿಲ್ಲದ ಲೆಕ್ಕ

ಬ್ರಿಟನ್ ತನ್ನ ಹಳೆಯ ಅನುಭವದಿಂದ ಬೇರೊಂದು ದಾರಿಯನ್ನು ಹಿಡಿಯಿತು. 1913ರಲ್ಲಿ ನೇಮಕವಾದ ರಾಜನಿಯೋಗವು 1916ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಗುಹ್ಯರೋಗಗಳಿಗೆ ಎಲ್ಲ ಕಡೆಗಳಲ್ಲಿಯೂ ಉಚಿತವಾದ, ಗೋಪ್ಯವಾದ ಚಿಕಿತ್ಸೆ ದೊರೆಯಬೇಕೆಂದು ಸಲಹೆಮಾಡಿತು. ರೋಗಿಗಳ ಹೆಸರನ್ನು ಕಡ್ಡಾಯವಾಗಿ ವರದಿಮಾಡಿಸಿದರೆ ಅವರು ವೈದ್ಯರಿಂದಲೇ ದೂರವಾಗುತ್ತಾರೆಂಬ ಭಯದಿಂದ ಅದನ್ನು ಒಪ್ಪಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1947ರವರೆಗೆ, ಇಬ್ಬರು ರೋಗಿಗಳು ಒಬ್ಬರನ್ನೇ ಸೋಂಕಿನ ಮೂಲವೆಂದು ಹೆಸರಿಸಿದರೆ ಆ ವ್ಯಕ್ತಿಯನ್ನು ಬಲವಂತವಾಗಿ ಪರೀಕ್ಷಿಸಬಹುದೆಂಬ ನಿಯಮ ಬಂದಿತ್ತು. ಹಾಗೆ ಹೆಸರಿಸಲ್ಪಟ್ಟವರಲ್ಲಿ ಬಹುಪಾಲು ಸ್ತ್ರೀಯರು. ಶಾಂತಿಕಾಲದಲ್ಲಿ ಅದು ಉಳಿಯಲಿಲ್ಲ. ಇಂದಿಗೂ ಇಂಗ್ಲೆಂಡಿನ ಚಿಕಿತ್ಸಾಲಯಗಳು ವಯಸ್ಸು, ಲಿಂಗ, ಪ್ರದೇಶ, ರೋಗ, ಚಿಕಿತ್ಸೆ ಈ ವಿವರಗಳನ್ನು ಸಂಕೇತಗಳಲ್ಲಿ ಕಳುಹಿಸುತ್ತವೆ; ಹೆಸರನ್ನು ಕಳುಹಿಸುವುದಿಲ್ಲ. ಸಂಪರ್ಕದಲ್ಲಿದ್ದವರನ್ನು ಎಚ್ಚರಿಸುವ ಕೆಲಸ ಚಿಕಿತ್ಸಾಲಯದೊಳಗೇ, ಅಲ್ಲಿಯ ಸಿಬ್ಬಂದಿಯಿಂದಲೇ ನಡೆಯುತ್ತದೆ.

ಎರಡು ದಾರಿಗಳಲ್ಲಿ ಒಂದೇ ಸರಿಯೆನ್ನಲಾಗದು. ಅಮೆರಿಕದ ಪದ್ಧತಿಯಲ್ಲಿ ಬೇರೆ ಬೇರೆ ಊರಿನ ವೈದ್ಯರು ಕಂಡ ಒಬ್ಬನೇ ರೋಗಿಯ ಸಂಗತಿಗಳನ್ನು ಕೂಡಿಸಬಹುದು. ಬ್ರಿಟನ್ನಿನ ಪದ್ಧತಿಯಲ್ಲಿ ರೋಗಿ ಹೆದರದೆ ಬರಬಹುದು. ಆದರೆ ಎರಡರಲ್ಲಿಯೂ ಸಮಾನವಾದ ನಿಯಮವೊಂದು ಕಾಣುತ್ತದೆ: ಚಿಕಿತ್ಸೆಗೂ ಸಂಪರ್ಕದವರನ್ನು ಎಚ್ಚರಿಸುವುದಕ್ಕೂ ಬೇಕಾದಷ್ಟು ದೂರ ಮಾತ್ರ ಹೆಸರು ಹೋಗಬೇಕು, ಅಲ್ಲಿಂದ ಮುಂದೆ ಸಂಖ್ಯೆಯೊಂದೇ ಹೋಗಬೇಕು.

ನಮ್ಮಲ್ಲಿ

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಪರಿಶ್ರಮದಿಂದ. 1998ರಿಂದ ರಾಷ್ಟ್ರವ್ಯಾಪಿಯಾಗಿ ನಡೆದ ಸಮೀಕ್ಷೆಗಳಲ್ಲಿ ಒಂದು ಜಾಣ ಉಪಾಯವನ್ನು ಬಳಸಿದರು. ಬಸುರಿಯರಿಂದ ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದುದರಿಂದ ಹೆಸರನ್ನು ಪೂರ್ಣವಾಗಿ ಬೇರ್ಪಡಿಸಿ, ಅನಂತರ ಎಚ್.ಐ.ವಿ.ಗಾಗಿ ಪರೀಕ್ಷಿಸಿದರು. ಯಾರ ರಕ್ತವೆಂಬುದು ಪರೀಕ್ಷಿಸುವವನಿಗೂ ತಿಳಿಯದು. ಆದರೆ ಆ ಪ್ರದೇಶದಲ್ಲಿ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯುತ್ತದೆ. ಇದಕ್ಕೆ ಒಂದು ಬೆಲೆಯೂ ಉಂಟು: ಹೆಸರಿಲ್ಲದ ಸೀಸೆಯಲ್ಲಿ ರೋಗ ಕಂಡರೆ ಅದರ ಒಡತಿಗೆ ತಿಳಿಸುವ ದಾರಿಯೇ ಇಲ್ಲ. ಅವಳು ಬೇರೆಯಾಗಿ, ತನ್ನ ಹೆಸರಿನಲ್ಲಿ, ಗೋಪ್ಯವಾದ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಹೀಗೆ ದೇಶದ ಲೆಕ್ಕವೂ ವ್ಯಕ್ತಿಯ ಚಿಕಿತ್ಸೆಯೂ ಎರಡು ಬೇರೆ ಕೆಲಸಗಳೆಂಬುದು ಸ್ಪಷ್ಟವಾಗುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ' ಎಂಬ ಹೆಸರಿನ ಚಿಕಿತ್ಸಾಲಯಗಳನ್ನು ಸ್ಥಾಪಿಸಿದರು. ಹುಣ್ಣು, ಸ್ರಾವ, ಕಿಬ್ಬೊಟ್ಟೆಯ ನೋವು ಮೊದಲಾದ ಲಕ್ಷಣಗಳಿಗೆ ತಕ್ಕಂತೆ ಬೇರೆ ಬೇರೆ ಬಣ್ಣದ ಏಳು ಬಗೆಯ ಔಷಧದ ಪೊಟ್ಟಣಗಳನ್ನು ಗೊತ್ತುಮಾಡಿ, ಸಂಗಾತಿಗೂ ಚಿಕಿತ್ಸೆ ಕೊಡುವ ಏರ್ಪಾಡುಮಾಡಿದರು. ಅಲ್ಲಿಂದ ಮೇಲಕ್ಕೆ ಹೋಗುವ ತಿಂಗಳ ವರದಿಯಲ್ಲಿರುವುದು ಇಂಥ ಲಕ್ಷಣದವರು ಇಷ್ಟು ಮಂದಿ ಎಂಬ ಲೆಕ್ಕ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯು, ಕೆಲವು ಗೊತ್ತಾದ ಸಂದರ್ಭಗಳನ್ನು ಬಿಟ್ಟರೆ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವನ ಸೋಂಕಿನ ವಿಷಯವನ್ನು ಬಯಲುಮಾಡುವುದನ್ನು ನಿಷೇಧಿಸಿದೆ. ಗುರುತು ಹತ್ತದಂಥ ಅಂಕಿಸಂಖ್ಯೆಗಳನ್ನು ಕೊಡಲು ಅಡ್ಡಿಯಿಲ್ಲ. ಗೋವೆಯ ತರುಣನನ್ನು ಕೂಡಿಟ್ಟ ದಿನಗಳಿಂದ ನಾವು ಬಹುದೂರ ಬಂದಿದ್ದೇವೆ.

ಆದರೆ ಕಾಯಿದೆ ಇರುವುದು ಪುಸ್ತಕದಲ್ಲಿ. ರೋಗಿಗೆ ಮೊದಲು ಎದುರಾಗುವುದು ಚೀಟಿ ಬರೆಯುವ ಕಿಟಕಿ. ನನ್ನ ಮಿತ್ರರು ಈಗ ಇರುವಲ್ಲಿ, ಕಿಟಕಿಯ ಬಳಿ ತೊಂದರೆಯೇನೆಂದು ಕೇಳುವ ಪದ್ಧತಿಯನ್ನು ನಿಲ್ಲಿಸಿದ್ದಾರೆ. ಅಲ್ಲಿ ಒಂದು ಸಂಖ್ಯೆಯನ್ನು ಮಾತ್ರ ಕೊಡುತ್ತಾರೆ. ಉಳಿದುದೆಲ್ಲ ಬಾಗಿಲು ಹಾಕಿದ ಕೋಣೆಯೊಳಗೆ. "ಎಲ್ಲಿಯಾದರೂ ಬರೆಯುತ್ತೀರಾ?" ಎಂದು ಯಾರಾದರೂ ಕೇಳಿದರೆ ಅವರು ತಮ್ಮ ಪುಸ್ತಕವನ್ನೇ ತೆರೆದು, ಮೇಲಕ್ಕೆ ಹೋಗುವ ಹಾಳೆಯನ್ನು ತೋರಿಸುತ್ತಾರಂತೆ. "ನೋಡಪ್ಪ, ನಿನ್ನ ಹೆಸರು ಈ ಕೋಣೆಯಿಂದ ಆಚೆಗೆ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ಈ ತಿಂಗಳು ಇಷ್ಟು ಜನ ಬಂದರೆಂಬ ಲೆಕ್ಕ. ನಿನ್ನ ಮನೆಯವರನ್ನು ಹೇಗೆ ಕರೆತರೋಣ, ಅದನ್ನು ಈಗ ಮಾತನಾಡೋಣ" ಎನ್ನುತ್ತಾರೆ. ಹೀಗೆ ಹೇಳಲು ತೊಡಗಿದ ಮೇಲೆ ರಕ್ತಪರೀಕ್ಷೆಗೆಂದು ಹೊರಗೆ ಹೋದವರು ಹಿಂದಿರುಗುತ್ತಿದ್ದಾರೆಯೇ ಎಂದು ನಾನು ಕೇಳಿದೆ. "ಎಲ್ಲರೂ ಅಲ್ಲ, ಆದರೆ ಹೆಚ್ಚಿನವರು" ಎಂದರು.